ಸಂಬಳಕ್ಕೆ ದುಡ್ಡಿಲ್ಲ ಅನ್ನುವ ಮೈಸೂರು ವಿಶ್ವವಿದ್ಯಾಲಯ ಹೊಸ ಕಟ್ಟಡ ಹೇಗೆ ಕಟ್ಟುತ್ತದೆ?

ಸಂಬಳದ ದುಡ್ಡು ಬೇರೆ, ಕಟ್ಟಡದ ದುಡ್ಡು ಬೇರೆ. ಕಾಯಂ ಸಿಬ್ಬಂದಿಯ ಸಂಬಳ, ಪಿಂಚಣಿಗೆ ರಾಜ್ಯ ಸರ್ಕಾರದ ಅನುದಾನ ಬೇಕು. ಅದು ಸಾಲದಿದ್ದರೆ ಶುಲ್ಕದಂಥ ಸ್ವಂತ ಆದಾಯಕ್ಕೇ ಕೈ ಹಾಕಬೇಕು. ಕಟ್ಟಡದ ದುಡ್ಡು ಹೆಚ್ಚಾಗಿ ಯಾವುದಾದರೂ ಯೋಜನೆಯಿಂದ ಬರುತ್ತದೆ. ಉದಾಹರಣೆಗೆ, ರಾಜ್ಯಗಳ ಕಾಲೇಜು, ವಿಶ್ವವಿದ್ಯಾಲಯಗಳಿಗಾಗಿ 2013ರಲ್ಲಿ ಶುರುವಾದ ಕೇಂದ್ರದ ರೂಸಾ ಯೋಜನೆ. ಅದರ ಮೂಲಸೌಕರ್ಯ ಅನುದಾನದಲ್ಲಿ ಹೊಸ ಕಟ್ಟಡಕ್ಕೆ ಶೇ. 35, ಹಳೆಯದರ ದುರಸ್ತಿಗೆ ಶೇ. 35, ಉಪಕರಣಕ್ಕೆ ಶೇ. 30 ಅಂತ ಮೊದಲೇ ಹಂಚಿರುತ್ತಿತ್ತು. ಅದನ್ನು ತೆಗೆದು ಅತಿಥಿ ಉಪನ್ಯಾಸಕರಿಗೆ ಸಂಬಳ ಕೊಡುವಂತಿಲ್ಲ.

ಹಾಗಂತ ವಿಶ್ವವಿದ್ಯಾಲಯದ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಯಾವ ಕಟ್ಟಡ ಬೇಕು ಅಂತ ಪ್ರಸ್ತಾವನೆ ಕಳಿಸುವವರು ಅವರೇ ಅಲ್ವಾ? ನನ್ನ ಪ್ರಕಾರ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಗೆ ಇನ್ನೊಂದು ಸಭಾಂಗಣಕ್ಕಿಂತ ಹಾಸ್ಟೆಲ್, ಪ್ರಯೋಗಾಲಯ ಮೊದಲು ಬೇಕು. ಹಾಸ್ಟೆಲ್ ಸಿಗದಿದ್ದರೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳನ್ನು ಮನೆಯವರು ಓದಲು ಕಳಿಸುವುದೇ ಇಲ್ಲ.