ಸ್ಟುಡಿಯೋಗೆ ಬಂದ ‘ಫಿಯರ್’

ಪ್ರಶ್ನೆ: ಅಮೆರಿಕದ ‘ಫಿಯರ್’ ಎಂಬ ಪಂಕ್ (ಒರಟು, ವೇಗದ ರಾಕ್ ಸಂಗೀತದ) ತಂಡ ಟಿ.ವಿ. ನೇರಪ್ರಸಾರದ ನಡುವೆ ಸ್ಟುಡಿಯೋವನ್ನೇ ಪುಡಿಗಟ್ಟಿ 2 ಲಕ್ಷ ಡಾಲರ್ ನಷ್ಟ ಮಾಡಿತೆಂದು ಓದಿದೆ. ಇದು ನಿಜವೆ? ಅಂಥವರನ್ನು ಕರೆಸಿದವರು ಯಾರು?
– ಓದುಗರೊಬ್ಬರು, ಧಾರವಾಡ

ಉತ್ತರ: ಗದ್ದಲವಾದದ್ದು ನಿಜ, ಸ್ಟುಡಿಯೋ ಪುಡಿಯಾದದ್ದು ಸುಳ್ಳು. ಲಾಸ್ ಏಂಜಲೀಸ್‌ನ ಈ ತಂಡ 1981ರ ಅಕ್ಟೋಬರ್ 31ರಂದು, ಭೂತವೇಷ, ಕುಂಬಳಕಾಯಿ ದೀಪಗಳ ಹ್ಯಾಲೋವೀನ್ ಹಬ್ಬದ ರಾತ್ರಿ, ನ್ಯೂಯಾರ್ಕಿನಲ್ಲಿ ಎನ್‌ಬಿಸಿ ವಾಹಿನಿಯ ನೇರಪ್ರಸಾರದ ಹಾಸ್ಯ ಕಾರ್ಯಕ್ರಮ ‘ಸ್ಯಾಟರ್ಡೇ ನೈಟ್ ಲೈವ್’ನಲ್ಲಿ ಹಾಡಿತು. ಕರೆಸಿದವರು ಆ ಕಾರ್ಯಕ್ರಮದಿಂದಲೇ ಮನೆಮಾತಾಗಿ 1979ರಲ್ಲಿ ಅದನ್ನು ಬಿಟ್ಟಿದ್ದ ಹಾಸ್ಯನಟ ಜಾನ್ ಬೆಲುಶಿ. ತಾವು ನಟಿಸುತ್ತಿದ್ದ ಚಿತ್ರವೊಂದಕ್ಕೆ ಅವರು ಫಿಯರ್‌ನಿಂದ ಹಾಡು ಮಾಡಿಸಿದ್ದರು. ಚಿತ್ರದವರು ಅದನ್ನು ಬೇಡವೆಂದಾಗ, ತಂಡಕ್ಕಾದ ನಿರಾಸೆಯನ್ನು ತುಂಬಿಕೊಡಲು ತಮ್ಮ ಹಳೆಯ ಕಾರ್ಯಕ್ರಮದಲ್ಲೇ ಅವಕಾಶ ಕೊಡಿಸಿದರು.

ಹಾಡಿನ ಜೊತೆಗೆ ಅದರ ಕುಣಿತವೂ ಬೇಕೆಂದು ವಾಷಿಂಗ್ಟನ್ ಮೊದಲಾದ ಕಡೆಗಳಿಂದ ಪಂಕ್ ಹುಡುಗರನ್ನು ಕರೆಸಲಾಗಿತ್ತು. ‘ಮೈನರ್ ಥ್ರೆಟ್’ ತಂಡದ ಇಯಾನ್ ಮೆಕೈ ಅವರಲ್ಲೊಬ್ಬರು. ಗಾಯಕ ಲೀ ವಿಂಗ್ ನ್ಯೂಯಾರ್ಕಿನ ಪ್ರೇಕ್ಷಕರೆದುರು ನಿಂತು, ನ್ಯೂಜೆರ್ಸಿಗೆ ಬಂದದ್ದು ಸಂತೋಷವೆಂದರು. ನೆರೆಯ ನ್ಯೂಜೆರ್ಸಿಯನ್ನು ಸದಾ ಹಗುರವಾಗಿ ಕಾಣುವ ಆ ನಗರದವರನ್ನು ಕೆಣಕಲು ಅಷ್ಟೇ ಸಾಕಾಗಿತ್ತು. ಆಮೇಲೆ ಹುಡುಗರು ವೇದಿಕೆಗೆ ನುಗ್ಗಿ, ಒಬ್ಬರಿಗೊಬ್ಬರು ಭುಜ ಕೊಟ್ಟು ಢಿಕ್ಕಿ ಹೊಡೆಯುತ್ತ, ಕೆಳಗೆ ಹಾರುತ್ತ, ಮತ್ತೆ ಹತ್ತಿ ಬರುತ್ತ ಕುಣಿದರು. ಅಲಂಕಾರಕ್ಕಿಟ್ಟ ಕುಂಬಳಕಾಯಿ ಹಾರಿಬಿತ್ತು, ಕೈಗೆ ಸಿಕ್ಕ ಮೈಕಿನಲ್ಲಿ ನ್ಯೂಯಾರ್ಕಿಗೆ ಬೈಗುಳ ಕೇಳಿಸಿತು. ಕೊನೆಯ ಹಾಡು ಮುಗಿಯುವ ಮೊದಲೇ ನೇರಪ್ರಸಾರ ನಿಲ್ಲಿಸಿ, ಮೊದಲೇ ಚಿತ್ರೀಕರಿಸಿದ್ದ ಹಾಸ್ಯನಟ ಎಡ್ಡಿ ಮರ್ಫಿಯವರ ತುಣುಕೊಂದನ್ನು ತೋರಿಸಿದರು.

2 ಲಕ್ಷ ಡಾಲರ್‌ನ ಮಾತು ಬಂದದ್ದು ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯ ವರದಿಯಿಂದ. ನಂತರ ವಿಚಾರಿಸಿದಾಗ ತಿಳಿದ ನಷ್ಟ ಸುಮಾರು 20 ಡಾಲರ್. ಮುರಿದದ್ದು ಒಂದು ಪ್ಲಾಸ್ಟಿಕ್ ಕೊಂಡಿ. ನನ್ನನ್ನು ಇಂದಿಗೂ ನೋಯಿಸುವುದು ಈ ಅಂತರವೇ. ಇಪ್ಪತ್ತರ ಆಸುಪಾಸಿನ ಆ ಹುಡುಗರ ಕುಣಿತಕ್ಕೂ ನೇಮವಿತ್ತು, ಬಿದ್ದವನನ್ನು ಪಕ್ಕದವರೇ ಎತ್ತಿ ನಿಲ್ಲಿಸುತ್ತಿದ್ದರು. ಪತ್ರಿಕೆಗೆ ಮಾತ್ರ ಅದು ದೊಂಬಿಯಾಗಿ ಕಂಡಿತು. ಫಿಯರ್‌ನ ಕೆಲವು ಸಾಲುಗಳು ಹೆಂಗಸರನ್ನೂ ಸಲಿಂಗಿಗಳನ್ನೂ ಹೀಯಾಳಿಸುತ್ತವೆ, ಅವನ್ನು ನಾನು ಸಮರ್ಥಿಸಲಾರೆ. ಆದರೆ ಆ ಹುಡುಗರ ಮೇಲೆ ಹೊರಿಸಿದ್ದು ಆ ತಪ್ಪನ್ನಲ್ಲ, ಅವರು ಮಾಡದೇ ಇದ್ದ ಇನ್ನೊಂದನ್ನು.

ಅಂದಹಾಗೆ, ಈ ಕಾರ್ಯಕ್ರಮ ನಡೆದ ‘8ಎಚ್’ ಎಂಬ ಸ್ಟುಡಿಯೋ ಅಬ್ಬರಕ್ಕೆ ಹೊಸದೇನಲ್ಲ. 1937ರಿಂದ ಅಲ್ಲಿ ಹೆಸರಾಂತ ಇಟಾಲಿಯನ್ ವಾದ್ಯವೃಂದ ನಿರ್ದೇಶಕ ಆರ್ತುರೊ ಟೊಸ್ಕನಿನಿಯವರ ನೇತೃತ್ವದಲ್ಲಿ ಎನ್‌ಬಿಸಿ ಸಿಂಫನಿ ವಾದ್ಯವೃಂದ ನುಡಿಸುತ್ತಿತ್ತು. ಬೆಲುಶಿ 1982ರ ಮಾರ್ಚ್ 5ರಂದು ತೀರಿಕೊಂಡರು. ಫಿಯರ್‌ನ ಮೊದಲ ಆಲ್ಬಮ್ ಅದೇ ವರ್ಷ ಹೊರಬಂತು.