ಮೂರು ಸಾರಿ ಏಲಿಯ ಬಳಿಗೆ ಓಡಿದ ಹುಡುಗ

ಪ್ರಿಯ ಸಹೋದರಿ,

ನಿಮ್ಮ ಪತ್ರ ಬಂದು ಹನ್ನೊಂದು ದಿನವಾಯಿತು. ಉತ್ತರ ಬರೆಯಲು ಎರಡು ಸಾರಿ ಕೂತು ಎದ್ದೆ. ನೀವು ಕೇಳಿದ ಪ್ರಶ್ನೆ ಒಂದು, ಕೊನೆಯ ಸಾಲಿನಲ್ಲಿ ತಾನಾಗಿ ಹೊರಬಿದ್ದದ್ದು ಇನ್ನೊಂದು. ಎರಡಕ್ಕೂ ಉತ್ತರ ಕೊಡದೆ ಹೋದರೆ ನಿಮಗೆ ಅನ್ಯಾಯ ಮಾಡಿದಂತೆ.

ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂಬತ್ತು ವರ್ಷದಿಂದ ನೀವು ಒಂದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೀರಿ. ದೂರದ ಊರಿನ ತರಬೇತಿ ಶಾಲೆಯೊಂದು ಕಿರಿಯರಿಗೆ ಕಲಿಸಲು ಬನ್ನಿ ಎಂದು ಕರೆದಿದೆ. ಮನೆಯಲ್ಲಿ ವಯಸ್ಸಾದ ತಂದೆ ಇದ್ದಾರೆ. ‘ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಕ್ಕ’ ಅನ್ನುತ್ತಾನೆ ತಮ್ಮ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಮೂರು ತಿಂಗಳಿನಿಂದ ದೇವರ ಚಿತ್ತ ಏನೆಂದು ಬೇಡುತ್ತಿದ್ದೀರಿ. ಕಣ್ಣು ಮುಚ್ಚಿ ಸತ್ಯವೇದ ತೆರೆದಿರಿ: ಒಂದು ದಿನ ಬೆರಳು ವಂಶಾವಳಿಯ ಮೇಲೆ ಬಿತ್ತು, ಮರುದಿನ ಅಬ್ರಾಮನು ಸ್ವದೇಶ ಬಿಟ್ಟು ಹೊರಟ ಕಡೆ. ಶುಕ್ರವಾರದೊಳಗೆ ಆ ಶಾಲೆಯಿಂದ ಫೋನ್ ಬಂದರೆ ಹೋಗಬೇಕೆಂದು ಗುರುತು ಕೇಳಿದಿರಿ. ಫೋನ್ ಬಂತು, ಸಮಾಧಾನ ಬರಲಿಲ್ಲ. ಕೊನೆಗೆ ಬರೆದಿದ್ದೀರಿ: ‘ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವವರೆಲ್ಲ ಕರ್ತರು ನನ್ನ ಸಂಗಡ ಮಾತಾಡಿದರು ಅನ್ನುತ್ತಾರೆ. ನನಗೆ ಏನೂ ಕೇಳಿಸುವುದಿಲ್ಲ. ನಾನು ನಿಜವಾಗಿ ಅವರ ಕುರಿಯೋ ಅಲ್ಲವೋ?’

ಕೊನೆಯದರಿಂದಲೇ ಶುರುಮಾಡುತ್ತೇನೆ.

ಸಮುವೇಲನ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೀರಿ. ಒಂದನೆಯ ಸಮುವೇಲನ ಮೂರನೆಯ ಅಧ್ಯಾಯವನ್ನು ಈಗ ಮತ್ತೊಮ್ಮೆ ನಿಧಾನವಾಗಿ ಓದಿ. ಹುಡುಗ ಮಲಗಿರುವುದು ದೇವರ ಮಂಜೂಷ ಇದ್ದ ಮಂದಿರದಲ್ಲಿ. ದಿನವೆಲ್ಲ ಮಾಡುವುದು ದೇವರ ಸೇವೆ. ತಾಯಿ ಹರಕೆ ಹೊತ್ತು ಒಪ್ಪಿಸಿದ ಮಗ. ಅಂಥವನನ್ನು ದೇವರು ಹೆಸರು ಹಿಡಿದು ಕರೆದರೂ ಅವನು ಮುದಿ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ಒಂದು ಸಾರಿಯಲ್ಲ, ಮೂರು ಸಾರಿ. ಏಳನೆಯ ವಚನ ಕಾರಣ ಕೊಡುತ್ತದೆ: ಅವನಿಗೆ ಇನ್ನೂ ಯೆಹೋವನ ಪರಿಚಯ ಆಗಿರಲಿಲ್ಲ. ದೇವರು ಬೈಯಲಿಲ್ಲ, ಕರೆಯುವುದನ್ನು ಬಿಡಲೂ ಇಲ್ಲ. ನಾಲ್ಕನೆಯ ಸಾರಿ ಬಂದು ನಿಂತರು. ಇದು ಯಾರ ಸ್ವರ ಎಂದು ಹುಡುಗನಿಗೆ ತಿಳಿಸಿಕೊಟ್ಟದ್ದು ಕಣ್ಣು ಮಂಜಾಗಿದ್ದ ಒಬ್ಬ ಮುದುಕ. ಅವನಿಗೂ ಅದು ಹೊಳೆದದ್ದು ಮೂರನೆಯ ಸಾರಿಗೆ.

ಅಂದರೆ ಸ್ವರವನ್ನು ಗುರುತಿಸುವುದು ಕಲಿತು ಬರುವ ವಿಷಯ. ಗುರುತು ಸಿಗದೆ ತಪ್ಪು ಬಾಗಿಲಿಗೆ ಓಡಿದವನನ್ನೂ ದೇವರು ತನ್ನವನೆಂದೇ ಎಣಿಸಿದ್ದಾರೆ. ‘ನನ್ನ ಕುರಿಗಳು ನನ್ನ ಸ್ವರಕ್ಕೆ ಕಿವಿಗೊಡುತ್ತವೆ’ ಎಂಬ ವಚನ ನಿಮ್ಮನ್ನು ಚುಚ್ಚುತ್ತಿದೆ ಎಂದು ಬರೆದಿದ್ದೀರಿ. ಮುಂದಿನ ವಚನಕ್ಕೆ ಹೋಗಿ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಿತ್ತುಕೊಳ್ಳಲಾರರು ಅನ್ನುತ್ತಾರೆ ಯೇಸು. ಕುರಿಯ ಕಿವಿ ಎಷ್ಟು ಚುರುಕು ಎಂಬುದರ ಮೇಲೆ ಅಲ್ಲಿ ಏನೂ ನಿಂತಿಲ್ಲ, ಕುರುಬನ ಹಿಡಿತದ ಮೇಲೆ ಎಲ್ಲವೂ ನಿಂತಿದೆ. ಮೂರು ತಿಂಗಳು ರಾತ್ರಿ ಮೊಣಕಾಲೂರಿ ‘ನಿನ್ನ ಚಿತ್ತ ತಿಳಿಸು’ ಎಂದು ಅಳುವ ಮನಸ್ಸು ನಿಮಗೆ ಎಲ್ಲಿಂದ ಬಂತು? ಕುರುಬ ಬೇಡವಾದ ಕುರಿ ಹಾಗೆ ಅಳುವುದಿಲ್ಲ.

ಇನ್ನು ಕಣ್ಣು ಮುಚ್ಚಿ ಸತ್ಯವೇದ ತೆರೆದ ವಿಷಯ. ಇದನ್ನು ಮಾಡುವವರು ಬಹಳ ಮಂದಿ. ಅಗಸ್ಟೀನನ ಉದಾಹರಣೆ ಕೊಡುವವರೂ ಇದ್ದಾರೆ. ಕ್ರಿ.ಶ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ‘ಎತ್ತಿಕೋ, ಓದು’ ಎಂದು ಮಗುವಿನ ದನಿ ಕೇಳಿ, ಅವನು ಪೌಲನ ಪತ್ರಿಕೆಯನ್ನು ತೆರೆದು, ಕಣ್ಣಿಗೆ ಬಿದ್ದ ರೋಮಾಪುರದವರಿಗೆ 13ನೆಯ ಅಧ್ಯಾಯದ ಸಾಲುಗಳನ್ನು ಓದಿ ಬದಲಾದದ್ದು ನಿಜ. ಆದರೆ ಆ ಸಾಲು ಅವನಿಗೆ ಯಾವ ಊರಿಗೆ ಹೋಗಬೇಕೆಂದು ಹೇಳಲಿಲ್ಲ. ಪಾಪ ಬಿಟ್ಟು ಕ್ರಿಸ್ತನನ್ನು ಧರಿಸಿಕೋ ಅಂದಿತು. ತೆರೆದವರೆಲ್ಲರಿಗೂ ಅದು ಅದನ್ನೇ ಹೇಳುತ್ತದೆ. ಅದೇ ಅಗಸ್ಟೀನ ಮುಂದೆ ಬಿಷಪ್ ಆದಮೇಲೆ, ಲೌಕಿಕ ವ್ಯವಹಾರಗಳಿಗಾಗಿ ಸುವಾರ್ತೆಯ ಪುಟ ತೆರೆದು ಶಕುನ ನೋಡುವ ಅಭ್ಯಾಸ ತನಗೆ ಹಿಡಿಸುವುದಿಲ್ಲವೆಂದು ಒಂದು ಪತ್ರದಲ್ಲಿ ಬರೆದ. ವಾಕ್ಯವು ನಮ್ಮ ಕಾಲಿಗೆ ದೀಪ. ದೀಪ ಹಿಡಿದವರು ಕಣ್ಣು ತೆರೆದು ನಡೆಯುತ್ತಾರೆ.

ಗುರುತು ಕೇಳುವುದರ ಬಗ್ಗೆ ಗಿದ್ಯೋನನ ಉಣ್ಣೆಯನ್ನು ನೀವೇ ನೆನಪಿಸಿದ್ದೀರಿ. ಯುದ್ಧಕ್ಕೆ ಹೊರಡುವ ಮೊದಲು, ಇಬ್ಬನಿ ಉಣ್ಣೆಯ ಮೇಲೆ ಮಾತ್ರ ಬೀಳಲಿ, ಮರುರಾತ್ರಿ ನೆಲದ ಮೇಲೆ ಮಾತ್ರ ಬೀಳಲಿ ಎಂದು ದೇವರಿಂದ ಗುರುತು ಕೇಳಿದವನು ಅವನು. ಒಂದನ್ನು ಗಮನಿಸಿ. ಉಣ್ಣೆಯನ್ನು ಕಣದಲ್ಲಿ ಹಾಕುವ ಮೊದಲೇ ಏನು ಮಾಡಬೇಕೆಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಅವನಿಗೆ ಇದ್ದದ್ದು ಭಯ. ದೇವರು ಆ ಭಯವನ್ನು ಸಹಿಸಿಕೊಂಡರು, ಎರಡು ರಾತ್ರಿ ಸಹಿಸಿಕೊಂಡರು. ಅದು ಅವರ ಕರುಣೆ. ನಮಗೆಲ್ಲ ಹಾಕಿಕೊಟ್ಟ ಪದ್ಧತಿ ಎಂದು ಅದನ್ನು ಓದಲು ನನಗೆ ಧೈರ್ಯವಿಲ್ಲ.

‘ಬಾಗಿಲು ತೆರೆದಿದೆ’ ಎಂಬ ಮಾತಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ನಮ್ಮಲ್ಲಿ ಇದರಷ್ಟು ಬಳಕೆಯ ಮಾತು ಬೇರೆ ಇಲ್ಲ. ಯೋನನು ಯೊಪ್ಪಕ್ಕೆ ಇಳಿದಾಗ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿತ್ತು. ಕೈಯಲ್ಲಿ ಪ್ರಯಾಣದ ಹಣವೂ ಇತ್ತು. ಹತ್ತಿ ಮಲಗಿದವನಿಗೆ ಗಾಢ ನಿದ್ರೆಯೂ ಬಂತು. ಇವತ್ತಾದರೆ ನಾವು ಬಾಗಿಲು ತೆರೆದಿದೆ, ಮನಸ್ಸಿಗೆ ಸಮಾಧಾನವೂ ಇದೆ, ಇದೇ ದೇವರ ನಡೆಸುವಿಕೆ ಅನ್ನುತ್ತಿದ್ದೆವು. ಅವನು ನಿನೆವೆಗೆ ಹೋಗು ಎಂದ ದೇವರಿಗೆ ಬೆನ್ನು ಹಾಕಿ ಓಡುತ್ತಿದ್ದ. ಏನ್ಗೆದಿಯ ಗವಿಯಲ್ಲಿ ದಾವೀದನಿಗೂ ಹಾಗೆಯೇ. ಅವನನ್ನು ಕೊಲ್ಲಲು ಬೆನ್ನಟ್ಟಿ ಬಂದ ಅರಸ ಸೌಲ ತಾನಾಗಿ ಒಳಗೆ ಬಂದ. ದೇವರು ಹೇಳಿದ ದಿನ ಇದೇ ಎಂದು ಜೊತೆಗಾರರು ಪಿಸುಗುಟ್ಟಿದರು. ಸಂದರ್ಭ ಕೂಡಿಬಂದಿತ್ತು, ಸುತ್ತಲಿನವರ ಒಪ್ಪಿಗೆ ಇತ್ತು. ಆದರೂ ದಾವೀದ ಸೌಲನ ನಿಲುವಂಗಿಯ ಅಂಚು ಕತ್ತರಿಸಿದ್ದಕ್ಕೇ ಮನಸ್ಸಿನಲ್ಲಿ ನೊಂದುಕೊಂಡ. ದೇವರು ಅಭಿಷೇಕಿಸಿದವನ ಮೇಲೆ ಕೈಯೆತ್ತಬಾರದು ಎಂಬುದು ಅವನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದದ್ದನ್ನು ತೆರೆದ ಬಾಗಿಲಿಗಾಗಿ ಬಿಡಲಿಲ್ಲ. ಅತ್ತ ಪೌಲನು ಎಫೆಸದಿಂದ ಕೊರಿಂಥದವರಿಗೆ ಬರೆಯುವಾಗ, ದೊಡ್ಡ ಬಾಗಿಲು ತೆರೆದಿದೆ ಅನ್ನುವ ಉಸಿರಿನಲ್ಲೇ ವಿರೋಧಿಗಳೂ ಬಹಳ ಮಂದಿ ಇದ್ದಾರೆ ಅನ್ನುತ್ತಾನೆ. ಹಾಗಾಗಿ ಸುಲಭವಾದದ್ದೆಲ್ಲ ದೇವರ ದಾರಿ, ಕಷ್ಟವಾದದ್ದೆಲ್ಲ ತಪ್ಪು ದಾರಿ ಎಂಬ ಲೆಕ್ಕವನ್ನು ಮನಸ್ಸಿನಿಂದ ತೆಗೆದುಹಾಕಿ.

‘ದೇವರು ಹೇಳಿದರು’ ಎಂಬ ಮಾತಿನ ಬಗ್ಗೆ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಇಪ್ಪತ್ತೈದರ ಹರೆಯದಲ್ಲಿ ಉಪವಾಸ ಪ್ರಾರ್ಥನೆ ಮುಗಿಸಿ ಬಂದವನು ಗೆಳೆಯನೊಬ್ಬನಿಗೆ ‘ದೇವರು ನಿನ್ನನ್ನು ಪೂರ್ಣಕಾಲದ ಸೇವೆಗೆ ಕರೆದಿದ್ದಾರೆ, ನನಗೆ ತೋರಿಸಿದರು’ ಅಂದೆ. ಅವನು ನನ್ನನ್ನು ನಂಬಿದ. ಕೆಲಸ ಬಿಟ್ಟ. ಎರಡು ವರ್ಷ ಒದ್ದಾಡಿ, ಸಾಲ ಮಾಡಿಕೊಂಡು, ತನ್ನ ನಂಬಿಕೆಯಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಕುಗ್ಗಿಹೋದ. ನನಗೆ ಆಗ ಅನ್ನಿಸಿದ್ದು ನನ್ನದೇ ಉತ್ಸಾಹ, ಅದಕ್ಕೆ ದೇವರ ಹೆಸರಿಟ್ಟಿದ್ದೆ. ಅವನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವನು ಕ್ಷಮಿಸಿದ. ಅಂದಿನಿಂದ ‘ನನಗೆ ಹೀಗೆ ಅನ್ನಿಸುತ್ತದೆ, ನೀವು ಪರೀಕ್ಷಿಸಿ ನೋಡಿ’ ಎಂಬುದಕ್ಕಿಂತ ಹೆಚ್ಚು ಮಾತು ನನ್ನ ಬಾಯಿಂದ ಬಂದಿಲ್ಲ. ಪ್ರವಾದನೆಗಳನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರಿಶೋಧಿಸಿ ಎಂದು ಪೌಲ ಥೆಸಲೊನೀಕದವರಿಗೆ ಬರೆದದ್ದು ಇಂಥ ಗಾಯಗಳನ್ನು ತಪ್ಪಿಸಲೆಂದೇ ಇರಬೇಕು. ನಿಮ್ಮ ಸಭೆಯಲ್ಲಿ ಸಾಕ್ಷಿ ಹೇಳುವವರು ಸುಳ್ಳು ಹೇಳುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ವರ್ಷಗಟ್ಟಲೆಯ ಗೊಂದಲ, ಕಾಯುವಿಕೆ, ಎರಡು ಮನಸ್ಸು ಎಲ್ಲವೂ ಸಾಕ್ಷಿ ಹೇಳುವ ಹೊತ್ತಿಗೆ ಒಂದೇ ವಾಕ್ಯಕ್ಕೆ ಇಳಿದಿರುತ್ತವೆ. ಆ ವಾಕ್ಯದ ಪಕ್ಕದಲ್ಲಿ ನಿಮ್ಮ ಮೂರು ತಿಂಗಳನ್ನು ಇಟ್ಟು ತೂಗಬೇಡಿ.

ಹಾಗಾದರೆ ತಿಳಿಯುವುದು ಹೇಗೆ?

ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ನನಗೆ ಇದರಲ್ಲಿ ಬಹಳ ಸಹಾಯ ಮಾಡಿದೆ. ಪೌಲ, ಸೀಲ, ತಿಮೊಥೆಯರು ಹೊರಟಿದ್ದಾರೆ. ಆಸ್ಯಸೀಮೆಯಲ್ಲಿ ವಾಕ್ಯ ಹೇಳದಂತೆ ಪವಿತ್ರಾತ್ಮ ತಡೆದರು. ಬಿಥೂನ್ಯಕ್ಕೆ ಹೋಗಲು ನೋಡಿದರು, ಅಲ್ಲೂ ಬಿಡಲಿಲ್ಲ. ಹೇಗೆ ತಡೆದರೆಂದು ಈ ಪುಸ್ತಕ ಬರೆದ ಲೂಕ ಹೇಳುವುದಿಲ್ಲ. ಎರಡು ಕಡೆ ಇಲ್ಲ ಅನ್ನಿಸಿಕೊಂಡು ಸಮುದ್ರದಂಚಿನ ತ್ರೋವಕ್ಕೆ ಬಂದು ನಿಂತರು. ರಾತ್ರಿ ಪೌಲನಿಗೆ ದರ್ಶನವಾಯಿತು, ಮಕೆದೋನ್ಯದವನೊಬ್ಬ ಕರೆಯುತ್ತಿದ್ದಾನೆ. ಆ ದರ್ಶನವಾದಮೇಲೆ ‘ನಾವು’ ನಿಶ್ಚಯಿಸಿಕೊಂಡೆವು ಅನ್ನುತ್ತಾನೆ ಲೂಕ. ದರ್ಶನ ಕಂಡವನು ಒಬ್ಬ, ನಿಶ್ಚಯಿಸಿದವರು ಎಲ್ಲರೂ. ತಡೆದದ್ದು, ಕಂಡದ್ದು ಎಲ್ಲವನ್ನೂ ಒಟ್ಟಿಗಿಟ್ಟು ನೋಡಿ ತೀರ್ಮಾನಕ್ಕೆ ಬಂದರು ಎಂಬ ಅರ್ಥ ಆ ಗ್ರೀಕ್ ಪದದಲ್ಲಿದೆ. ಸಮುದ್ರ ದಾಟಿ ಫಿಲಿಪ್ಪಿಗೆ ಹೋದರೆ ಸಿಕ್ಕವರು ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರು. ಅವರಲ್ಲಿ ಲುದ್ಯಳ ಹೃದಯ ತೆರೆಯಿತು. ಆಮೇಲೆ ಪೌಲ, ಸೀಲರಿಗೆ ಛಡಿಯೇಟು, ಸೆರೆಮನೆ. ತಪ್ಪು ದಾರಿಗೆ ಬಂದೆವೇನೋ ಎಂದು ಅವರು ಅಳಲಿಲ್ಲ, ನಡುರಾತ್ರಿ ಹಾಡಿದರು.

ಆ ಮೂವರೂ ದಾರಿಯಲ್ಲಿದ್ದಾಗ, ನಡೆಯುತ್ತಿದ್ದಾಗ, ತಡೆಯಲ್ಪಟ್ಟರು. ಸುವಾರ್ತೆ ಸಾರಬೇಕೆಂಬ ದೊಡ್ಡ ವಿಷಯ ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದ್ದು ಊರಿನ ಹೆಸರು ಮಾತ್ರ. ನಮಗೂ ದೇವರ ಚಿತ್ತದ ಬಹುಪಾಲು ಈಗಾಗಲೇ ಬರೆದುಕೊಟ್ಟಾಗಿದೆ. ನಾವು ಪರಿಶುದ್ಧರಾಗಬೇಕು, ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸಬೇಕು, ನ್ಯಾಯವನ್ನು ನಡೆಸಿ ಕರುಣೆಯನ್ನು ಪ್ರೀತಿಸಬೇಕು. ಇದನ್ನು ಇವತ್ತು ಮಾಡುತ್ತ ಹೋದವರ ಮನಸ್ಸು ನಿಧಾನವಾಗಿ ಬದಲಾಗುತ್ತದೆ. ಹಾಗೆ ನೂತನವಾದ ಮನಸ್ಸಿಗೆ ದೇವರ ಚಿತ್ತವನ್ನು ವಿವೇಚಿಸುವ ಶಕ್ತಿ ಬರುತ್ತದೆ ಎಂದೇ ರೋಮಾಪುರದವರಿಗೆ 12:2 ಹೇಳುವುದು. ವಾರಕ್ಕೊಮ್ಮೆ ತೆರೆಯುವ ಪುಸ್ತಕದಿಂದ ಇದು ಆಗುವುದಿಲ್ಲ. ದಿನಾ ಒಂದು ಅಧ್ಯಾಯ, ಬೇಕಿರಲಿ ಬೇಡವಿರಲಿ, ವರ್ಷಗಟ್ಟಲೆ ಓದಿದವರಿಗೆ ಒಂದು ಮಾತು ಕೇಳಿದೊಡನೆ ಇದು ನನ್ನ ಕರ್ತನ ದನಿ, ಇದು ಅವರದಲ್ಲ ಎಂದು ತಿಳಿಯುತ್ತದೆ.

ಒಳಗಿನ ಅನಿಸಿಕೆಗಳನ್ನು ಪೂರ್ತಿ ತಳ್ಳಿಹಾಕಬೇಕೆಂದೂ ನಾನು ಹೇಳುವುದಿಲ್ಲ. ಕಥೋಲಿಕ ಬಂಧುಗಳು ಸಂತ ಇನ್ನಾಸಿ ಎಂದು ಕರೆಯುವ ಇಗ್ನೇಷಿಯಸ್ ಲೊಯೋಲ 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದ. ಯೋಧನಾಗಿ ಮೆರೆಯುವ ಕನಸು ಕಾಣುವಾಗ ಖುಷಿ, ಆಮೇಲೆ ಮನಸ್ಸು ಬರಿದು. ಕ್ರಿಸ್ತನಿಗಾಗಿ ಬದುಕುವುದನ್ನು ಯೋಚಿಸುವಾಗಲೂ ಖುಷಿ, ಆದರೆ ಆ ಖುಷಿ ಆಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಅವನು ಗಮನಿಸಿದ. ಯೋಚನೆ ಹುಟ್ಟಿದ ಕ್ಷಣದ ಬಿಸಿಯನ್ನು ನಂಬದೆ, ಅದು ಮೂರು ದಿನದ ಮೇಲೆ ನಿಮ್ಮಲ್ಲಿ ಏನನ್ನು ಉಳಿಸುತ್ತದೆ ನೋಡಿ. ಮನಸ್ಸು ಕತ್ತಲಲ್ಲಿ ಇರುವಾಗ ಹಿಂದಿನ ತೀರ್ಮಾನವನ್ನು ಬದಲಿಸಬೇಡಿ ಎಂಬ ಅವನ ಇನ್ನೊಂದು ಸಲಹೆಯನ್ನು ನಾನು ಎಷ್ಟೋ ಮಂದಿಗೆ ದಾಟಿಸಿದ್ದೇನೆ.

ಈಗ ನಿಮ್ಮ ವಿಷಯ. ಬ್ರಿಸ್ಟಲ್ಲಿನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಮೊದಲು ತನ್ನ ಮನಸ್ಸಿಗೆ ಸ್ವಂತ ಹಟ ಇಲ್ಲದ ಸ್ಥಿತಿಗೆ ಬರಲು ಪ್ರಯತ್ನಿಸುತ್ತಿದ್ದ. ಕಷ್ಟದ ಹತ್ತರಲ್ಲಿ ಒಂಬತ್ತು ಪಾಲು ಅಲ್ಲೇ ಕರಗುತ್ತದೆ ಅನ್ನುತ್ತಿದ್ದ. ನಿಮ್ಮನ್ನು ನೀವೇ ಕೇಳಿಕೊಳ್ಳಿ: ಉತ್ತರ ‘ಇಲ್ಲೇ ಇರು’ ಎಂದಾದರೆ ಒಪ್ಪುತ್ತೀರಾ? ‘ಹೋಗು’ ಎಂದಾದರೆ? ಎರಡರಲ್ಲಿ ಒಂದಕ್ಕೆ ಬಾಯಿ ಕಟ್ಟಿದರೆ ಪ್ರಾರ್ಥನೆ ಅಲ್ಲಿಂದ ಮತ್ತೆ ಶುರುವಾಗಲಿ.

ತಂದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೇವರಿಗೆ ಕೊಟ್ಟಾಯಿತೆಂದು ಹೇಳಿ ತಂದೆತಾಯಿಯ ಪಾಲನ್ನು ತಪ್ಪಿಸಿಕೊಂಡವರನ್ನು ಯೇಸು ಎಷ್ಟು ಕಟುವಾಗಿ ಖಂಡಿಸಿದರೆಂದು ಮಾರ್ಕ 7ರಲ್ಲಿ ಇದೆ. ಆದರೆ ನಿಮ್ಮ ತಮ್ಮ ಹೊರೆ ಹೊರಲು ಸಿದ್ಧನಿದ್ದಾನೆ, ನೀವು ತಪ್ಪಿಸಿಕೊಳ್ಳುತ್ತಿಲ್ಲ. ನಾಲ್ಕು ಪುಟದ ಪತ್ರದಲ್ಲಿ ಒಂದೇ ಒಂದು ಮಾತು ಕಾಣಲಿಲ್ಲ: ತಂದೆ ಏನು ಹೇಳುತ್ತಾರೆ? ಅವರನ್ನು ಕೇಳಿದ್ದೀರಾ? ಇವತ್ತೇ ಕೇಳಿ. ತಮ್ಮನ ಜೊತೆ ಕೂತು, ಔಷಧಿ, ರಾತ್ರಿಯ ಕಾವಲು, ಖರ್ಚು ಎಲ್ಲವನ್ನೂ ಬಿಡಿಸಿ ಮಾತಾಡಿ. ನಿಮ್ಮನ್ನು ಚೆನ್ನಾಗಿ ಬಲ್ಲ, ನಿಮಗೆ ಬೇಸರವಾದರೂ ನಿಜ ಹೇಳುವ ಇಬ್ಬರು ವಿಶ್ವಾಸಿಗಳನ್ನು ಕೇಳಿ. ಕಿರಿಯ ನರ್ಸ್‌ಗಳಿಗೆ ನೀವು ಕಲಿಸುವುದನ್ನು ನೋಡಿದವರು ಅವರಲ್ಲಿ ಒಬ್ಬರಿರಲಿ. ಈ ಮಾತುಕತೆಗಳೂ ದೇವರ ನಡೆಸುವಿಕೆಯ ಒಳಗೇ ಇವೆ. ಯೆರೂಸಲೇಮಿನ ಸಭೆ ಬಹಳ ಚರ್ಚೆ ಮಾಡಿದ ಮೇಲೆಯೇ ‘ಪವಿತ್ರಾತ್ಮನಿಗೂ ನಮಗೂ’ ಹೀಗೆ ಕಂಡಿತು ಎಂದು ಬರೆದದ್ದು.

ಇಷ್ಟಾದ ಮೇಲೂ ಎರಡು ದಾರಿಯೂ ಒಳ್ಳೆಯದಾಗಿಯೇ ಕಂಡರೆ? ಆಗ ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಿ. ಹೀಗೆ ಬರೆಯುವುದನ್ನು ನೋಡಿ ಕೆಲವು ಓದುಗರು ನನಗೆ ಕಟುವಾಗಿ ಬರೆಯಬಹುದು. ಆದರೆ ವಿಧವೆಯಾದವಳು ಮತ್ತೆ ಮದುವೆಯಾಗುವಂಥ ದೊಡ್ಡ ವಿಷಯದಲ್ಲಿಯೂ ಪೌಲನು ಇಷ್ಟವಿದ್ದವನನ್ನು ಆರಿಸಿಕೊಳ್ಳಲಿ, ಕರ್ತನಲ್ಲಿ ಆಗಿರಲಿ ಎಂದಷ್ಟೇ ಹೇಳುತ್ತಾನೆ. ಮಗಳು ಆರಿಸಿಕೊಂಡದ್ದನ್ನು ಕಂಡು ಸಂತೋಷಪಡುವ ತಂದೆ ನಮಗಿದ್ದಾರೆ.

ಸಮುವೇಲನ ಕಥೆಯಲ್ಲಿ ಇನ್ನೊಂದು ಚಿಕ್ಕ ವಿವರ ಇದೆ. ದೇವರ ಮಾತು ಕೇಳಿದ ಆ ರಾತ್ರಿಯ ನಂತರ ಅವನು ಬೆಳಗಿನವರೆಗೆ ಮಲಗಿದ್ದು, ಎದ್ದು, ದಿನದಂತೆ ಮಂದಿರದ ಬಾಗಿಲುಗಳನ್ನು ತೆರೆದ. ನೀವೂ ನಾಳೆ ನಿಮ್ಮ ಪಾಳಿಗೆ ಹೋಗಿ. ತಂದೆ ಏನು ಹೇಳಿದರೆಂದು ಬರೆಯಿರಿ. ತಿಂಗಳ ಕೊನೆಯವರೆಗೆ ದಿನಾ ಬೆಳಿಗ್ಗೆ ನಿಮಗಾಗಿ ಪ್ರಾರ್ಥಿಸುತ್ತಿರುತ್ತೇನೆ.

ಕರ್ತನಲ್ಲಿ ನಿಮ್ಮ,
ಸಂಪಾದಕ