ಮೇಷ್ಟ್ರೇ, ಕಾಲುವೆಗೆ ದುಡ್ಡು ಕೊಟ್ಟವರು ಯಾರು?

ಮೇಷ್ಟ್ರಿಗೆ ನಮಸ್ಕಾರ,

ನಿಮ್ಮ 'ಅಮೆರಿಕ ಒಂದಾದ ಬಗೆ' ಲೇಖನ ಕೈಸೇರಿ ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಒಮ್ಮೆ ಬಸ್ಸಿನಲ್ಲಿ ಕೂತು ಓದಿದೆ, ಇನ್ನೊಮ್ಮೆ ಪೆನ್ಸಿಲ್ ಹಿಡಿದು ಓದಿದೆ. ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ: ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡುವ ಲೇಖನವೂ ಅಲ್ಲ. ಕೈಬಿಡುವುದಾಗಿದ್ದರೆ ನಾಲ್ಕು ಸಾಲಿನ ಪತ್ರ ಸಾಕಾಗುತ್ತಿತ್ತು.

ನಿಮ್ಮ ಲೇಖನ ಹೇಳುವುದು ಇಷ್ಟು, ನಾನು ಸರಿಯಾಗಿ ಓದಿದ್ದರೆ. 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾಗಿ 1815ಕ್ಕೆ ಮುಗಿಯಿತು. ಆಮೇಲೆ ಅಮೆರಿಕದವರಲ್ಲಿ ನಾವೆಲ್ಲ ಒಂದೇ ಎನ್ನುವ ಭಾವನೆ ಉಕ್ಕಿತು. ಆ ಹುರುಪಿನಲ್ಲೇ 1816ರಲ್ಲಿ ರಾಷ್ಟ್ರೀಯ ಬ್ಯಾಂಕ್ ಬಂತು, ಆಮದು ಸುಂಕ ಬಂತು. ಅಲ್ಲಿನ ಸಂಸತ್ತಿನ ಮುಂದಾಳು ಹೆನ್ರಿ ಕ್ಲೇ ಇವೆರಡಕ್ಕೂ ರಸ್ತೆ, ಕಾಲುವೆಗಳನ್ನು ಸೇರಿಸಿ 'ಅಮೆರಿಕನ್ ವ್ಯವಸ್ಥೆ' ಎಂದು ಹೆಸರಿಟ್ಟರು. 1825ರಲ್ಲಿ ಈರಿ ಸರೋವರವನ್ನು ನ್ಯೂಯಾರ್ಕಿಗೆ ಜೋಡಿಸುವ ಈರಿ ಕಾಲುವೆ ಪೂರ್ತಿಯಾಯಿತು. ದೇಶ ಒಂದಾಯಿತು. ಶುಭಂ.

ಹಳೇ ಸಿನಿಮಾದ ಕೊನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಹಾಗಿದೆ. ಒಬ್ಬರಿಗೊಬ್ಬರು ಎದುರು ಮಾತಾಡುವುದೇ ಇಲ್ಲ. ನಿಜವಾದ ಕಥೆಯಲ್ಲಿ ಇವರು ಹದಿನೈದು ವರ್ಷ ಬಿಡದೆ ಜಗಳ ಆಡಿದ್ದಾರೆ. ರಸ್ತೆ ಬೇಡ ಎಂದವರು ಕಡಿಮೆ. ಯಾರ ದುಡ್ಡಿನಲ್ಲಿ, ಯಾವ ಕಾನೂನಿನ ಬಲದಲ್ಲಿ, ಯಾರ ಊರಿಗೆ ಅನ್ನುವುದರಲ್ಲೇ ಎಲ್ಲ ತಕರಾರು. ಆ ಜಗಳವನ್ನು ನೀವು ಪೂರ್ತಿ ಒರೆಸಿಹಾಕಿದ್ದೀರಿ.

ಮೊದಲ ಸಾಲಿನಿಂದಲೇ ಬರುತ್ತೇನೆ. 'ಸಾರಿಗೆಯು ಯಾವುದೇ ರಾಷ್ಟ್ರದ ಜೀವನಾಡಿಯಾಗಿದೆ.' ಮೇಷ್ಟ್ರೇ, ಇದನ್ನು ಎಸ್ಸೆಸ್ಸೆಲ್ಸಿ ಪ್ರಬಂಧದಲ್ಲಿ ನೀವೂ ಬರೆದಿದ್ದೀರಿ, ನಾನೂ ಬರೆದಿದ್ದೇನೆ. ಇಬ್ಬರಿಗೂ ಅಂಕ ಬಂದಿದೆ. ಇನ್ನು ಸಾಕು. ಇದಕ್ಕಿಂತ ಎಷ್ಟೋ ಒಳ್ಳೆಯ ಮಾತು ನಾಲ್ಕನೇ ಪುಟದ ಕೊನೆಯಲ್ಲಿ, ಆವರಣ ಚಿಹ್ನೆಯೊಳಗೆ ಅಡಗಿ ಕೂತಿದೆ. ಯೂರೋಪಿನಿಂದ ಮೂರು ಸಾವಿರ ಮೈಲಿ ಸಮುದ್ರ ದಾಟಿಸಿ ಒಂದು ಟನ್ ಸಾಮಾನು ತರಿಸಲು ಸುಮಾರು 9 ಡಾಲರ್ ಆಗುತ್ತಿತ್ತು. ಅದೇ 9 ಡಾಲರ್ ಕೊಟ್ಟರೆ ಅಮೆರಿಕದ ಒಳಗೆ ಗಾಡಿ ಮೇಲೆ ಆ ಸಾಮಾನು ಬರೀ ಮೂವತ್ತು ಮೈಲಿ ಹೋಗುತ್ತಿತ್ತು. 1816ರಲ್ಲಿ ಅಲ್ಲಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯೊಂದು ಹಾಕಿದ ಲೆಕ್ಕ ಇದು. ಇದನ್ನೇ ಮೊದಲ ಸಾಲು ಮಾಡಿ. ಓದುವವರಿಗೆ ಅಲ್ಲೇ ಅರ್ಥವಾಗುತ್ತದೆ, ಓಹೈಯೋ ಕಡೆಯ ರೈತ ಮೆಕ್ಕೆಜೋಳವನ್ನು ಮೆಕ್ಕೆಜೋಳವಾಗಿ ಯಾಕೆ ಮಾರಲಿಲ್ಲ ಅಂತ. ಪೂರ್ವದ ಅಪಲಾಚಿಯನ್ ಬೆಟ್ಟ ದಾಟಿಸುವಷ್ಟರಲ್ಲಿ ಬಾಡಿಗೆಯೇ ಜೋಳವನ್ನು ತಿಂದುಬಿಡುತ್ತಿತ್ತು. ಅದಕ್ಕೇ ಆತ ಅದನ್ನು ವಿಸ್ಕಿ ಮಾಡಿದ, ಇಲ್ಲವೇ ಹಂದಿಗೆ ಹಾಕಿ ಆ ಹಂದಿಗಳನ್ನು ನಡೆಸಿಕೊಂಡು ಸಂತೆಗೆ ಹೋದ. ಅದೂ ಆಗದಿದ್ದರೆ ಚಪ್ಪಟೆ ದೋಣಿ ಕಟ್ಟಿ, ಓಹೈಯೋ ನದಿ, ಮಿಸಿಸಿಪ್ಪಿ ನದಿ ಹಿಡಿದು ನ್ಯೂ ಆರ್ಲಿಯನ್ಸ್‌ಗೆ ತೇಲಿದ. ಅಲ್ಲಿ ಸರಕು ಮಾರಿದ ಮೇಲೆ ದೋಣಿಯನ್ನೂ ಒಡೆದು ಮರದ ಲೆಕ್ಕದಲ್ಲಿ ಮಾರಿದ. ಪ್ರವಾಹಕ್ಕೆ ಎದುರಾಗಿ ಅದನ್ನು ವಾಪಸ್ ತರುವುದು ಯಾರ ಕೈಲಾಗಬೇಕು? ಆಮೇಲೆ ನೂರಾರು ಮೈಲಿ ನಡೆದುಕೊಂಡೇ ಮನೆಗೆ ಬಂದ. ಆ ಮನುಷ್ಯ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ದಯವಿಟ್ಟು ಕರೆದುಕೊಂಡು ಬನ್ನಿ.

'ರಾಷ್ಟ್ರೀಯತೆ' ಎಂಬ ಪದ 31 ಸಲ ಬಂದಿದೆ. ಎಣಿಸಿದ್ದೇನೆ, ಸಂಪಾದಕರ ಕೆಟ್ಟ ಚಾಳಿ. ಒಮ್ಮೆಯಾದರೂ ಅದರ ಒಳಗೆ ಏನಿದೆ ಎಂದು ಬಿಡಿಸಿ ತೋರಿಸಿಲ್ಲ. ಅದರಲ್ಲಿ ಹೆಮ್ಮೆ ಇತ್ತು, ಸರಿ. ಹೆದರಿಕೆಯೂ ಅಷ್ಟೇ ಇತ್ತು. ಜಾರ್ಜ್ ವಾಷಿಂಗ್ಟನ್ 1784ರಲ್ಲೇ ಬೆಟ್ಟದಾಚೆಯ ಜನರ ಬಗ್ಗೆ ಬರೆದಿದ್ದರು: ಅವರು ತಿರುಗಣಿಯ ಮೇಲೆ ನಿಂತ ಹಾಗಿದ್ದಾರೆ, ಒಂದು ಗರಿ ಸೋಕಿದರೂ ಯಾವ ಕಡೆಗಾದರೂ ತಿರುಗಿಬಿಡುತ್ತಾರೆ. ಆಗ ಮಿಸಿಸಿಪ್ಪಿಯ ಬಾಯಿ ಸ್ಪೇನ್ ಕೈಯಲ್ಲಿತ್ತು, ಉತ್ತರದ ಸರೋವರಗಳಾಚೆ ಬ್ರಿಟನ್ ಇತ್ತು. ಸಂತೆ ಯಾವ ಕಡೆಗೋ ಜನರ ಮನಸ್ಸೂ ಆ ಕಡೆಗೆ. 1812ರ ಯುದ್ಧದಲ್ಲಿ ಆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಬ್ರಿಟಿಷ್ ನೌಕೆಗಳು ಕರಾವಳಿಯನ್ನೇ ಮುಚ್ಚಿಬಿಟ್ಟವು. ಹಡಗಿನಲ್ಲಿ ಹೋಗುತ್ತಿದ್ದ ಸರಕು ಕೆಸರು ದಾರಿಯಲ್ಲಿ ಗಾಡಿ ಏರಿತು. 1814ರ ಆಗಸ್ಟಿನಲ್ಲಿ ರಾಜಧಾನಿಗೇ ಬೆಂಕಿ ಬಿತ್ತು. ಇದನ್ನೆಲ್ಲ ಹೇಳಿ, 31ರಲ್ಲಿ 28 ಹೊಡೆದುಹಾಕಿ.

ಈಗ ದೊಡ್ಡ ತಪ್ಪಿಗೆ ಬರೋಣ. ಐದನೇ ಪುಟದಲ್ಲಿ 'ಮ್ಯಾಡಿಸನ್ ಅವರ ಕಾಲದಲ್ಲಿ ಸಾರಿಗೆಗೆ ಹೆಚ್ಚಿನ ಉತ್ತೇಜನ ದೊರೆಯಿತು' ಎಂದಿದ್ದೀರಿ. ಮ್ಯಾಡಿಸನ್ ಆಗಿನ ಅಧ್ಯಕ್ಷರು. ನಡೆದದ್ದು ಇದು. ಹೊಸ ಬ್ಯಾಂಕು ತನ್ನ ಸನ್ನದಿಗಾಗಿ ಸರ್ಕಾರಕ್ಕೆ 15 ಲಕ್ಷ ಡಾಲರ್ ಕೊಡಬೇಕಿತ್ತು. ಆ ದುಡ್ಡನ್ನು ರಸ್ತೆ, ಕಾಲುವೆಗೆ ಎತ್ತಿಡೋಣ ಎಂದು ಮಸೂದೆ ತಂದವರು ದಕ್ಷಿಣ ಕ್ಯಾರೊಲಿನಾದ ಜಾನ್ ಕ್ಯಾಲ್‌ಹೂನ್. ರಸ್ತೆ, ಕಾಲುವೆಗಳಿಂದ ಈ ಗಣರಾಜ್ಯವನ್ನು ಒಂದಾಗಿ ಬಿಗಿಯೋಣ, ದೂರವನ್ನೇ ಗೆಲ್ಲೋಣ ಎಂದು 1817ರ ಫೆಬ್ರವರಿಯಲ್ಲಿ ಭಾಷಣ ಮಾಡಿದರು. ಕೆಳಮನೆಯಲ್ಲಿ 86ಕ್ಕೆ 84 ಮತ. ಎರಡೇ ಎರಡು ಮತದಲ್ಲಿ ಪಾಸಾಯಿತು! ರಾಷ್ಟ್ರೀಯತೆ ಉಕ್ಕಿ ಹರಿಯುತ್ತಿತ್ತು ಎಂದು ನೀವು ಬರೆದ ಕಾಲ ಅದು. ಮಾರ್ಚ್ 3ರಂದು, ತಮ್ಮ ಅಧಿಕಾರದ ಕೊನೇ ದಿನ, ಮ್ಯಾಡಿಸನ್ ಆ ಮಸೂದೆಗೆ ವೀಟೊ ಹಾಕಿದರು, ಅಂದರೆ ಒಪ್ಪದೆ ತಡೆದರು.

ಅವರಿಗೆ ರಸ್ತೆ ಬೇಡವಾಗಿತ್ತಾ? ಇಲ್ಲ. 1815ರ ಡಿಸೆಂಬರಿನಲ್ಲಿ ರಸ್ತೆ, ಕಾಲುವೆ ಬೇಕು ಎಂದು ಕಾಂಗ್ರೆಸ್ಸನ್ನು, ಅಂದರೆ ಅಮೆರಿಕದ ಸಂಸತ್ತನ್ನು, ಕೇಳಿದವರೇ ಅವರು. ಆದರೆ ಸಂವಿಧಾನ ಬರೆಯುವಾಗ ಮುಂದೆ ನಿಂತವರೂ ಅವರೇ. ಈ ಅಧಿಕಾರ ಸಂವಿಧಾನದಲ್ಲಿ ಬರೆದಿಲ್ಲ, ಬೇಕಿದ್ದರೆ ಮೊದಲು ತಿದ್ದುಪಡಿ ಮಾಡಿಕೊಳ್ಳಿ ಎಂದರು. ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ತಟ್ಟೆಗೆ ಬಡಿಸಿದಾಗ ಬೇಡ ಎಂದು ಎದ್ದುಹೋದ ಮನುಷ್ಯ. ಇಂಥ ಪಾತ್ರ ಸಿಕ್ಕರೆ ಯಾರಾದರೂ 'ಉತ್ತೇಜನ ದೊರೆಯಿತು' ಎಂದು ಬರೆಯುತ್ತಾರಾ?

ಕ್ಯಾಲ್‌ಹೂನ್ ಅವರನ್ನೂ ಹಾಗೇ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, 'ಅಪ್ಪಟ ದೇಶಪ್ರೇಮಿ' ಎಂದು. 1816ರ ಸುಂಕಕ್ಕೂ ಅವರು ಕೈ ಎತ್ತಿದ್ದರು. ಹನ್ನೆರಡು ವರ್ಷ ಬಿಟ್ಟು 1828ರಲ್ಲಿ, ಉಪಾಧ್ಯಕ್ಷರಾಗಿದ್ದಾಗಲೇ, ಸುಂಕವನ್ನು ತಿರಸ್ಕರಿಸುವ ಹಕ್ಕು ರಾಜ್ಯಕ್ಕಿದೆ ಎಂದು ಹೆಸರು ಹಾಕದೆ ಬರೆದವರೂ ಅವರೇ. ನಡುವೆ ಏನಾಯಿತು? ಹತ್ತಿ ಬೆಳೆಯುವ ದಕ್ಷಿಣಕ್ಕೆ, ಅಂದರೆ ಗುಲಾಮರ ದುಡಿಮೆಯ ಮೇಲೆ ನಿಂತ ದಕ್ಷಿಣಕ್ಕೆ, ಸುಂಕದಿಂದ ಖರ್ಚು ಮಾತ್ರ ಕಂಡಿತು, ಲಾಭ ಕಾಣಲಿಲ್ಲ. ಇದಕ್ಕೆ ಒಂದು ಪುಟ ಕೊಡಿ. ನಿಮ್ಮ ಲೇಖನದಲ್ಲಿ ಯಾರೂ ಮನಸ್ಸು ಬದಲಿಸುವುದಿಲ್ಲ, ಅದೇ ನನಗೆ ದೊಡ್ಡ ಕೊರತೆ.

ಮ್ಯಾಡಿಸನ್ ವೀಟೊ ಹಾಕಿ ನಾಲ್ಕು ತಿಂಗಳಿಗೆ, 1817ರ ಜುಲೈ 4ರಂದು, ನ್ಯೂಯಾರ್ಕ್ ರಾಜ್ಯದ ರೋಮ್ ಎನ್ನುವ ಊರಿನ ಹತ್ತಿರ ಈರಿ ಕಾಲುವೆಗೆ ಗುದ್ದಲಿ ಬಿತ್ತು. ಇಟಲಿಯ ರೋಮ್ ಅಲ್ಲ ಎಂದು ಹೇಳಿಬಿಡಿ, ಓದುಗರು ತಬ್ಬಿಬ್ಬಾಗುತ್ತಾರೆ. ನೀವು ಇದನ್ನು 'ಕೇಂದ್ರ ಸರ್ಕಾರದ ಸಾಧನೆಗಳು' ಎಂಬ ಉಪಶೀರ್ಷಿಕೆಯ ಕೆಳಗೆ ಇಟ್ಟಿದ್ದೀರಿ. ಕೇಂದ್ರ ಒಂದು ಡಾಲರೂ ಕೊಡಲಿಲ್ಲ, ಮೇಷ್ಟ್ರೇ. ನ್ಯೂಯಾರ್ಕಿನವರು ಮೊದಲು ಕೇಳಲು ಹೋದಾಗ ಆಗಿನ ಅಧ್ಯಕ್ಷ ಜೆಫರ್ಸನ್ ಇದು ಹುಚ್ಚುತನಕ್ಕೆ ಹತ್ತಿರದ ಮಾತು ಎಂದು ಕಳಿಸಿಬಿಟ್ಟಿದ್ದರು. ಕೊನೆಗೆ ರಾಜ್ಯವೇ ಸಾಲಪತ್ರ ಮಾರಿತು, ಉಪ್ಪಿನ ಮೇಲೆ ತೆರಿಗೆ ಹಾಕಿತು, ಹರಾಜಿನ ಮೇಲೆ ಸುಂಕ ಹಾಕಿತು. ರಾಜ್ಯದ ಗವರ್ನರ್ ಡೆವಿಟ್ ಕ್ಲಿಂಟನ್ ಅವರನ್ನು ಆಡಿಕೊಳ್ಳುವವರು ಕಾಲುವೆಗೆ 'ಕ್ಲಿಂಟನ್ ಚರಂಡಿ' ಎಂದು ಹೆಸರಿಟ್ಟರು.

ಆ ಚರಂಡಿಯನ್ನು ಸ್ವಲ್ಪ ಹತ್ತಿರ ಹೋಗಿ ತೋರಿಸಿ. 363 ಮೈಲಿ ಉದ್ದ ಎಂದು ಬರೆದಿದ್ದೀರಿ, 40 ಅಡಿ ಅಗಲ, 4 ಅಡಿ ಆಳ ಎಂದೂ ಬರೆದಿದ್ದೀರಿ. ಅಂಕಿ ಸರಿ, ಕಣ್ಣಿಗೆ ಏನೂ ಕಾಣುವುದಿಲ್ಲ. 4 ಅಡಿ ಅಂದರೆ ನೀವೋ ನಾನೋ ಇಳಿದು ನಿಂತರೆ ನೀರು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ, ಅಷ್ಟೇ. ದಡದ ಮೇಲೆ ಹೇಸರಗತ್ತೆ, ಅದರ ಹಿಂದೆ ಅದನ್ನು ಹೊಡೆದುಕೊಂಡು ಹೋಗುವ ಹುಡುಗ, ಉದ್ದನೆಯ ಹಗ್ಗ, ಹಗ್ಗದ ತುದಿಗೆ ದೋಣಿ. ನಡೆದುಹೋಗುವ ಮನುಷ್ಯನಿಗಿಂತ ಹೆಚ್ಚೇನೂ ವೇಗ ಇಲ್ಲ. ಬೆಟ್ಟ ಬಂದಲ್ಲಿ ದೋಣಿಯನ್ನು ಮೆಟ್ಟಿಲು ಹತ್ತಿಸಿದ ಹಾಗೆ ಮೇಲೆತ್ತುವ ಲಾಕ್‌ಗಳು, ಒಟ್ಟು 83. ಇಷ್ಟು ಸಾದಾ ಕಾಲುವೆ, ಈರಿ ಸರೋವರದ ದಡದ ಬಫಲೊದಿಂದ ನ್ಯೂಯಾರ್ಕಿಗೆ ಟನ್ನಿಗೆ ಸುಮಾರು 100 ಡಾಲರ್ ಇದ್ದ ಬಾಡಿಗೆಯನ್ನು 10 ಡಾಲರಿನ ಹತ್ತಿರಕ್ಕೆ ಇಳಿಸಿತು.

ಕಟ್ಟಿದವರಲ್ಲಿ ಎಂಜಿನಿಯರಿಂಗ್ ಓದಿದವರು ಯಾರಿದ್ದರು? ಮುಖ್ಯಸ್ಥರಾಗಿದ್ದ ಬೆಂಜಮಿನ್ ರೈಟ್, ಜೇಮ್ಸ್ ಗೆಡ್ಡಿಸ್ ಇಬ್ಬರೂ ಜಮೀನು ಸರ್ವೆ ಮಾಡಿಕೊಂಡಿದ್ದ ಜಡ್ಜುಗಳು. ಕ್ಯಾನ್ವಸ್ ವೈಟ್ ಎಂಬ ಯುವಕ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಕಾಲುವೆಗಳ ದಂಡೆಯ ಮೇಲೆ ಕಾಲ್ನಡಿಗೆಯಲ್ಲೇ ತಿರುಗಿ ಕೆಲಸ ಕಲಿತು ಬಂದ. ನೀರಿನೊಳಗೂ ಗಟ್ಟಿಯಾಗುವ ಗಾರೆಗೆ ಬೇಕಾದ ಸುಣ್ಣದ ಕಲ್ಲು ನ್ಯೂಯಾರ್ಕಿನಲ್ಲೇ, ಕಾಲುವೆಯ ದಾರಿಯಲ್ಲೇ ಸಿಕ್ಕಿತು. 1819ರಲ್ಲಿ ಮಾಂಟೆಝುಮಾ ಜೌಗಿನಲ್ಲಿ ಅಗೆಯುವಾಗ ಸಾವಿರದಷ್ಟು ಕೂಲಿಗಳು ಚಳಿಜ್ವರದಿಂದ ಮಲಗಿದರು. ನಿಮ್ಮಲ್ಲಿ ಇವರ್ಯಾರೂ ಇಲ್ಲ, 'ಶ್ರಮಜೀವಿಗಳು' ಎಂಬ ಒಂದು ಪದ ಇದೆ. ಇನ್ನೊಂದು ಮಾತು, ಕಾಲುವೆ ಹೋದದ್ದು 'ಖಾಲಿ ಭೂಮಿ'ಯಲ್ಲಿ ಎಂದಿದ್ದೀರಿ. ಅದು ಒನೈಡಾ, ಒನೊಂಡಾಗ, ಸೆನೆಕಾ ಜನರ ನೆಲ. ಒಪ್ಪಂದದ ಹೆಸರಿನಲ್ಲಿ ಅವರ ಕೈಯಿಂದ ಚೂರುಚೂರಾಗಿ ಕಿತ್ತುಕೊಂಡದ್ದು. 'ಖಾಲಿ' ಪದವನ್ನು ನಾನೇ ಹೊಡೆದುಹಾಕಿದ್ದೇನೆ, ಇದರಲ್ಲಿ ಚರ್ಚೆ ಬೇಡ.

ಇಷ್ಟೆಲ್ಲ ಬಿಟ್ಟು ಉದ್ಘಾಟನೆಗೆ ಎರಡು ಪುಟ ಬರೆದಿದ್ದೀರಿ. ಬಫಲೊದಿಂದ ನ್ಯೂಯಾರ್ಕಿನವರೆಗೆ ಸಾಲಾಗಿ ಫಿರಂಗಿ ಇಟ್ಟು, ಒಂದರ ಸದ್ದು ಕೇಳಿ ಇನ್ನೊಂದು ಹಾರಿಸಿ, ಸುಮಾರು ಒಂದೂವರೆ ಗಂಟೆಯಲ್ಲಿ ಸುದ್ದಿ ಮುಟ್ಟಿಸಿದ್ದು ಚೆನ್ನಾಗಿದೆ. ಕ್ಲಿಂಟನ್ ಪೀಪಾಯಿಯಲ್ಲಿ ಈರಿ ಸರೋವರದ ನೀರು ತಂದು ಕಡಲಿಗೆ ಸುರಿದದ್ದೂ ಚೆನ್ನಾಗಿದೆ. ಅದಕ್ಕೆ 'ನೀರುಗಳ ಮದುವೆ' ಎಂದೇ ಹೆಸರಾಯಿತು. ಆದರೆ ನೀವು ಬರೆದದ್ದು ಮದುವೆ ಊಟ. ನನಗೆ ಬೇಕಾದ್ದು ಮದುವೆ ಮಾತುಕತೆ. ಅರ್ಧ ಪುಟ ಸಾಕು.

ಸುಂಕದ ಭಾಗ ಬರೀ ಒಣ. 'ದೇಶೀಯ ಕೈಗಾರಿಕೆಗಳಿಗೆ ರಕ್ಷಣೆ' ಎನ್ನುವ ಬದಲು ಒಂದು ಗಜ ಬಟ್ಟೆ ತೋರಿಸಿ. 1816ರ ಕಾನೂನಿನಲ್ಲಿ ಹತ್ತಿ ಬಟ್ಟೆಗೆ ಶೇ. 25 ಸುಂಕ. ಅದರೊಳಗೆ ಒಂದು ಕೊಕ್ಕೆ: ಬಟ್ಟೆಯ ಬೆಲೆ ಗಜಕ್ಕೆ 25 ಸೆಂಟಿಗಿಂತ ಕಡಿಮೆ ಇದ್ದರೂ 25 ಸೆಂಟ್ ಎಂದೇ ಲೆಕ್ಕ. ಅಂದರೆ ಗಜಕ್ಕೆ ಆರೂಕಾಲು ಸೆಂಟ್ ತಪ್ಪುವುದಿಲ್ಲ. 10 ಸೆಂಟಿನ ಬಟ್ಟೆಯಾದರೆ ಸುಂಕ ಶೇ. 62ರ ಮೇಲೆ ಹೋಯಿತು! ಪೆಟ್ಟು ಬಿದ್ದದ್ದು ಕಲ್ಕತ್ತೆಯಿಂದ ಹೋಗುತ್ತಿದ್ದ ಅಗ್ಗದ ಬಟ್ಟೆಗೆ. ಈ ಕೊಕ್ಕೆಗಾಗಿ ವಾಷಿಂಗ್ಟನ್ನಿನಲ್ಲಿ ಓಡಾಡಿದವರು ವಾಲ್ಥಮ್‌ನಲ್ಲಿ ಗಿರಣಿ ಹಾಕಿದ್ದ ಫ್ರಾನ್ಸಿಸ್ ಕ್ಯಾಬಟ್ ಲೊವೆಲ್. ಕ್ಲೇ ಅವರನ್ನು ನೀವು ವಿಶ್ವೇಶ್ವರಯ್ಯನವರಿಗೆ ಹೋಲಿಸಿದ್ದೀರಲ್ಲ, ಅದನ್ನು ತೆಗೆಯಿರಿ. ನಮ್ಮ ಓದುಗರನ್ನು ಹತ್ತಿರ ಮಾಡಿಕೊಳ್ಳಲು ಕನ್ನಂಬಾಡಿಯನ್ನು ಎಳೆದು ತರಬೇಕಾಗಿಲ್ಲ. ನಮ್ಮ ದೇಶದ ನಿಜವಾದ ನಂಟು ಆ ಕೋರಾ ಬಟ್ಟೆಯಲ್ಲೇ ಇದೆ.

ಬ್ಯಾಂಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಕೈಬಿಚ್ಚಿ ಸಾಲ ಕೊಟ್ಟಿತು, 1818ರಲ್ಲಿ ಏಕಾಏಕಿ ವಾಪಸ್ ಕೇಳಿತು, 1819ರಲ್ಲಿ ಮಾರುಕಟ್ಟೆ ಕುಸಿದು ಪಶ್ಚಿಮದ ರೈತರು ಜಮೀನು ಕಳೆದುಕೊಂಡರು. ಮೂರು ಸಾಲು ಸೇರಿಸಿದರೆ ಆಯಿತು. ಕಂಬರ್ಲೆಂಡ್ ರಸ್ತೆಯನ್ನು ಮಾತ್ರ ಬಿಡಬೇಡಿ. ಅದು ಕೇಂದ್ರದ ದುಡ್ಡಿನಲ್ಲೇ 1811ರಲ್ಲಿ ಶುರುವಾಗಿ 1818ಕ್ಕೆ ಓಹೈಯೋ ನದಿ ದಡದ ವ್ಹೀಲಿಂಗ್ ಮುಟ್ಟಿತು. ರಿಪೇರಿಗೆ ಟೋಲ್ ಎತ್ತೋಣ ಎಂದರೆ 1822ರಲ್ಲಿ ಅಧ್ಯಕ್ಷ ಮನ್ರೊ ವೀಟೊ ಹಾಕಿದರು. ರಸ್ತೆ ಮಾಡಿಸುವುದಕ್ಕೆ ಒಪ್ಪಿಗೆ, ಗುಂಡಿ ಮುಚ್ಚುವುದಕ್ಕೆ ಸಂವಿಧಾನ ಅಡ್ಡ! ಇದನ್ನು ಓದಿ ನಗದ ಕನ್ನಡಿಗ ಇದ್ದಾನಾ? 1830ರಲ್ಲಿ ಅಧ್ಯಕ್ಷ ಜಾಕ್ಸನ್ ಮೇಸ್‌ವಿಲ್ ರಸ್ತೆಗೂ ವೀಟೊ ಹಾಕಿದರು. ಅದು ಪೂರ್ತಿ ಕೆಂಟಕಿಯೊಳಗೇ ಇದ್ದ ರಸ್ತೆ. ಕ್ಲೇ ಅವರ ರಾಜ್ಯ ಯಾವುದು ಹೇಳಿ? ಅದೇ ಕೆಂಟಕಿ. ಜಾಕ್ಸನ್ ಕೊಟ್ಟ ಕಾರಣ ಸಂವಿಧಾನವೇ, ಆದರೂ ಈ ಮಾತನ್ನು ಪಕ್ಕದಲ್ಲೇ ಇಟ್ಟು ಸುಮ್ನೆ ಮುಂದೆ ಹೋಗಿ. ಓದುಗರು ಜಾಣರು.

ಬೈದದ್ದೇ ಆಯಿತು ಅಲ್ವಾ? ಸ್ಟೀಮ್ ದೋಣಿಯ ಕೇಸಿನ ಪ್ಯಾರಾ ಒಂದಕ್ಷರವೂ ಮುಟ್ಟಬೇಡಿ. ನ್ಯೂಯಾರ್ಕಿನ ನೀರಿನಲ್ಲಿ ಸ್ಟೀಮ್ ದೋಣಿ ಓಡಿಸುವ ಏಕಸ್ವಾಮ್ಯ, ಅದನ್ನು ಲೆಕ್ಕಿಸದೆ ಗಿಬ್ಬನ್ಸ್ ಇಳಿಸಿದ ದೋಣಿ, ಅದನ್ನು ನಡೆಸುತ್ತಿದ್ದ ಎಳೆಯ ವಯಸ್ಸಿನ ವಾಂಡರ್‌ಬಿಲ್ಟ್, 1824ರಲ್ಲಿ ನ್ಯಾಯಮೂರ್ತಿ ಮಾರ್ಷಲ್ ಕೊಟ್ಟ ತೀರ್ಪು. ಓಡುತ್ತದೆ. ಬರೆಯುವಾಗ ನಿಮಗೇ ಮಜಾ ಬಂದಿದೆ, ಅದು ಗೊತ್ತಾಗುತ್ತದೆ. ಉಳಿದದ್ದನ್ನು ನೋಟ್ಸ್ ಎದುರಿಗಿಟ್ಟುಕೊಂಡು ಬರೆದಿದ್ದೀರಿ, ಇದನ್ನು ತರಗತಿಯಲ್ಲಿ ಹೇಳಿದ ಹಾಗೆ ಬರೆದಿದ್ದೀರಿ.

ಈಗ ಒಂಬತ್ತು ಪುಟ ಇದೆ, ಆರಕ್ಕೆ ಇಳಿಸಿ. ಮುಂದಿನ ತಿಂಗಳ ಹತ್ತರೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಡುತ್ತೇನೆ. ಕೊನೆಯದಾಗಿ, ದಯವಿಟ್ಟು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕಳಿಸಬೇಡಿ, ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಮ್ಯಾಡಿಸನ್ 'ಮಾಡಿಸನ್' ಆಗಿದ್ದರು. ವೀಟೊ ಮಾಡಿದವರೋ ಮಾಡಿಸಿದವರೋ ಎಂದು ನಮ್ಮ ಡಿಟಿಪಿ ಹುಡುಗ ಕೇಳುತ್ತಿದ್ದ.

ಇಂತಿ,
ಸಂಪಾದಕ